ಅಪ್ಪನಿಗೆ ಕಾಣದ ಜಾಗ

ಫೆಬ್ರವರಿ ೩, ಸೋಮವಾರ

ಅಮ್ಮನ ಫೋಟೋಗಳು ಮತ್ತೆ ಮಾಯ. ಹೋದ ವಾರ ಕಾಣದಿದ್ದಾಗ ನಾನೇ ಎಲ್ಲೋ ತಪ್ಪಿ ಇಟ್ಟಿರಬೇಕು ಎಂದುಕೊಂಡು ನನ್ನ ಫೋನಿನಿಂದ ಇನ್ನೊಮ್ಮೆ ತುಂಬಿಸಿದ್ದೆ. ನಾನು ತಪ್ಪಿ ಇಡುವವಳಲ್ಲ, ಆದರೂ ಒಂದು ಸಲಕ್ಕೆ ತಪ್ಪನ್ನು ನನ್ನ ತಲೆಗೇ ಕಟ್ಟಿಕೊಂಡೆ. ಈ ಸಲ ಅನುಮಾನವೇ ಇಲ್ಲ. ಮುಂದಿನ ಕೋಣೆಯ ಕಂಪ್ಯೂಟರಿಗೆ ಚುಚ್ಚಿರುವ ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಅಪ್ಪನ ಹಳೆಯ ಹಾಡುಗಳಿವೆ, ಅವರ ಔಷಧಿ ಅಂಗಡಿಯ ಕಾಗದಪತ್ರಗಳಿವೆ, ನನ್ನ ಶಾಲೆಯ ಗುಂಪುಚಿತ್ರ ಕೂಡ ಇದೆ. 'ಅಮ್ಮ, ಕೊನೆಯ ವರ್ಷ' ಎಂದು ನಾನು ಹೆಸರಿಟ್ಟ ಫೋಲ್ಡರ್ ಮಾತ್ರ ಇಲ್ಲ. ಕಂಪ್ಯೂಟರಿನ ಕಸದ ಬುಟ್ಟಿಯೂ ಗುಡಿಸಿದಂತೆ ಖಾಲಿ.

"ಅಪ್ಪ, ಅಮ್ಮನ ಫೋಟೋ ಎಲ್ಲಿ?" ಎಂದು ಕೇಳಿದೆ.

ಅಪ್ಪ ಕನ್ನಡಕ ತೆಗೆದು ಒರೆಸತೊಡಗಿದರು. "ಯಾವ್ದು?"

"ಹೋದ ವರ್ಷದ್ದು. ನಾನು ತೆಗೆದಿದ್ದು."

"ನಂಗೇನ್ ಗೊತ್ತಮ್ಮ. ನಾನು ಹಾಡು ಕೇಳೋಕೆ ಮಾತ್ರ ಅಲ್ಲಿ ಕೂತ್ಕೊಳ್ಳೋದು."

ಸುಳ್ಳು ಹೇಳುವ ಜಾತಿಯಲ್ಲ ನಮ್ಮಪ್ಪ. ಅಂದರೆ ಅಳಿಸಿದ್ದು ಅವರಿಗೇ ಗೊತ್ತಿಲ್ಲ. ಫೋಲ್ಡರಿನ ಹೆಸರು 'ಅ'ದಿಂದ ಶುರು, ಸಾಲಿನಲ್ಲಿ ಮೊದಲು ನಿಂತಿರುತ್ತದೆ, ಬೆರಳು ಜಾರಿದರೆ ಮೊದಲ ಪೆಟ್ಟು ಅದಕ್ಕೇ. ಎಪ್ಪತ್ತು ದಾಟಿದ ಕೈ, ಇರಲಿ ಬಿಡು. ಬೈದು ಪ್ರಯೋಜನವಿಲ್ಲ, ಬುದ್ಧಿ ಉಪಯೋಗಿಸಬೇಕು. ಅದು ನನ್ನ ಹತ್ತಿರ ಧಾರಾಳವಾಗಿದೆ.

ಫೆಬ್ರವರಿ ೬, ಗುರುವಾರ

ಉಪಾಯ ಸಿಕ್ಕಿತು. ಫೋಲ್ಡರಿಗೆ ಬೀಗ ಹಾಕುವುದು, ಹೆಸರು ಬದಲಿಸುವುದು ಎಲ್ಲ ಮಕ್ಕಳಾಟ. ಡಿಸ್ಕಿನ ಕೊನೆಯ ತುಂಡನ್ನು ಡಿಸ್ಕ್ ತಾನೇ 'ನನ್ನ ಹತ್ತಿರ ಇಲ್ಲ' ಎಂದು ಹೇಳುವ ಹಾಗೆ ಮಾಡಬಹುದು. ನೂರು ಅಡಿ ಸೈಟಿನಲ್ಲಿ ತೊಂಬತ್ತು ಅಡಿಗೆ ಗೋಡೆ ಎಬ್ಬಿಸಿ, ಸೈಟೇ ತೊಂಬತ್ತು ಅಡಿ ಎಂದು ಎಲ್ಲರನ್ನೂ ನಂಬಿಸಿದಂತೆ. ಗೋಡೆಯ ಆಚೆ ಇರುವುದನ್ನು ಯಾರೂ ನೋಡಲಾರರು, ಅಳಿಸಲಾರರು, ಫಾರ್ಮ್ಯಾಟ್ ಮಾಡಿದರೂ ಅದಕ್ಕೆ ತಟ್ಟುವುದಿಲ್ಲ. ಮನೆಯ ಕಂಪ್ಯೂಟರಿಗೂ ನಾನು ಹಾಕಿರುವ ಲಿನಕ್ಸ್ ವ್ಯವಸ್ಥೆಯಲ್ಲಿ ಇದಕ್ಕೆ ಒಂದೇ ಸಾಲಿನ ಆಜ್ಞೆ ಸಾಕು.

ಡಿಸ್ಕನ್ನು ನಾನು ಕೆಲಸ ಮಾಡುವ ಮುದ್ರಣಾಲಯಕ್ಕೇ ಒಯ್ದೆ. ಅಲ್ಲಿನ ಕಂಪ್ಯೂಟರುಗಳಿಗೆಲ್ಲ ನಾನೇ ದಿಕ್ಕು. ಮೊದಲ ಪ್ರಯತ್ನದಲ್ಲಿ ಆಜ್ಞೆ ಒಳಗೇ ಇಳಿಯಲಿಲ್ಲ. ಡಿಸ್ಕ್ ಕೂತಿರುವ ಯುಎಸ್‌ಬಿ ಡಬ್ಬಿ ಅಗ್ಗದ್ದು, ನಡುವೆ ಕೂತ ದಳ್ಳಾಳಿಯ ಹಾಗೆ ಮಾತನ್ನು ಅರ್ಧಕ್ಕೇ ನುಂಗುತ್ತದೆ. ಬೇರೆ ಡಬ್ಬಿಗೆ ಹಾಕಿದ ಮೇಲೆ ಮಾತು ಕೇಳಿತು. ಪಕ್ಕದ ಮೇಜಿನವನು ಎಂದಿನಂತೆ ಕುರ್ಚಿ ಜರುಗಿಸಿಕೊಂಡು ಬಂದ. ಯಾವ ಮಾತಿಗೂ 'ಆದ್ರೆ' ಎನ್ನದೆ ಇರಲಾರ, ಅದಕ್ಕೇ ಕಚೇರಿಯಲ್ಲಿ ಅವನಿಗೆ ಆದ್ರೆಪ್ಪ ಎಂದೇ ಹೆಸರು.

ಡಿಸ್ಕಿನ ಜಾಗ ಅಳೆಯುವ ಸೆಕ್ಟರುಗಳ ಸಂಖ್ಯೆ ಹೊಡೆಯುವಾಗ ಒಂದು ಸೊನ್ನೆ ಬಿಟ್ಟುಹೋಯಿತು. ಅಷ್ಟು ದೊಡ್ಡ ಡಿಸ್ಕ್ ಬೆರಳುಗಾತ್ರದ ಪೆನ್ ಡ್ರೈವಿನಷ್ಟಕ್ಕೆ ಇಳಿಯಿತು. ಆದ್ರೆಪ್ಪ ಬಾಯಿ ಮೇಲೆ ಕೈ ಇಟ್ಟುಕೊಂಡ. ನಾನು ಅಲ್ಲಾಡಲಿಲ್ಲ. ಸಂಖ್ಯೆಗೆ ಮೊದಲು 'ಪಿ' ಎಂಬ ಅಕ್ಷರ ಸೇರಿಸಿದರೆ ಮಾತ್ರ ಗೋಡೆ ಶಾಶ್ವತ, ಇಲ್ಲದಿದ್ದರೆ ವಿದ್ಯುತ್ ಇರುವ ತನಕ. ಮೊದಲ ಸಲ 'ಪಿ' ಇಲ್ಲದೆಯೇ ಮಾಡಿ ನೋಡುವುದು ನನ್ನ ಪದ್ಧತಿ. ವೈರು ಕಿತ್ತು ಮತ್ತೆ ಚುಚ್ಚಿದೆ, ಡಿಸ್ಕ್ ಮೊದಲಿನಂತಾಯಿತು.

"ಜಾಣೆ ನೀವು," ಎಂದ ಆದ್ರೆಪ್ಪ. "ಆದ್ರೆ ನಿಮ್ಮಪ್ಪನ್ನೇ ಒಂದ್ಮಾತು ಕೇಳಬಹುದಿತ್ತಲ್ವಾ, ಯಾಕೆ ಅಳಿಸ್ತೀರಾ ಅಂತ?"

"ಕೇಳಾಯ್ತು. ಅವರಿಗೇ ಗೊತ್ತಿಲ್ಲ," ಎಂದೆ.

ಫೆಬ್ರವರಿ ೮, ಶನಿವಾರ

ಮುಗಿಯಿತು. ಮೊದಲು ಕಾಣುವ ಭಾಗವನ್ನು ಕುಗ್ಗಿಸಿ, ಕೊನೆಯಲ್ಲಿ ಜಾಗ ಬಿಡಿಸಿ, ಫೋನಿನಲ್ಲಿದ್ದ ಫೋಟೋಗಳ ಪ್ರತಿಯನ್ನು ಅಲ್ಲಿಗೆ ಸಾಗಿಸಿ, ಆಮೇಲೆ 'ಪಿ' ಸೇರಿಸಿ ಗೋಡೆ ಎಬ್ಬಿಸಿದೆ. ಅಷ್ಟಕ್ಕೇ ನಿಲ್ಲಲಿಲ್ಲ. ಕಂಪ್ಯೂಟರ್ ಶುರುವಾದಾಗಲೆಲ್ಲ ನನ್ನ ಪುಟ್ಟ ಪ್ರೋಗ್ರಾಂ ಒಂದು ಗಳಿಗೆ ಗೋಡೆ ಇಳಿಸಿ, ಈಚೆ ಏನು ಕಾಣೆಯಾಗಿದೆ ನೋಡಿ, ಆಚೆಯಿಂದ ತಂದಿಟ್ಟು, ಗೋಡೆ ಏರಿಸಿಬಿಡುತ್ತದೆ. ಅಪ್ಪ ಸಂಜೆ ಕೈ ಜಾರಿ ಅಳಿಸಲಿ, ಬೆಳಿಗ್ಗೆ ಅಮ್ಮ ಹಾಜರ್. ಅವರಿಗೆ ತಾವು ಎಡವಿದ್ದು ಕೂಡ ತಿಳಿಯುವುದಿಲ್ಲ. ವಯಸ್ಸಾದವರ ಮರ್ಯಾದೆ ಕಾಪಾಡುವುದು ಎಂದರೆ ಇದು.

ಫೋನ್ ತುಂಬಿ ತುಳುಕುತ್ತಿತ್ತು, ಅಲ್ಲಿನ ಫೋಟೋಗಳನ್ನು ತೆಗೆದುಹಾಕಿದೆ. ಗೋಡೆಯ ಆಚೆಗಿಂತ ಭದ್ರವಾದ ಜಾಗ ಇನ್ನೆಲ್ಲಿದೆ?

ಫೆಬ್ರವರಿ ೧೫, ಶನಿವಾರ

ಗಡಿಯಾರದಂತೆ ನಡೆಯುತ್ತಿದೆ. ಪ್ರೋಗ್ರಾಂ ಬರೆದಿಡುವ ಲೆಕ್ಕದ ಪ್ರಕಾರ ಈ ವಾರ ಅಪ್ಪನ ಕೈ ದಿನವೂ ಜಾರಿದೆ. ದಿನವೂ ಫೋಲ್ಡರ್ ಹೋಗಿದೆ, ದಿನವೂ ಬಂದಿದೆ. ಇಷ್ಟು ಸಲ ಜಾರುವುದೆಂದರೆ ಬರೀ ಕೈ ಅಲ್ಲ, ತಲೆಯ ಕಡೆಯೂ ನೋಡಬೇಕು. ಅತ್ತೆಗೆ ಫೋನ್ ಮಾಡಿ ಹೇಳಿದೆ. ಅತ್ತೆ ಎಂದರೆ ಅಪ್ಪನ ತಂಗಿ, ಹಿಂದಿನ ಬೀದಿಯಲ್ಲೇ ಮನೆ, ನಮ್ಮ ಮನೆಯಲ್ಲಿ ಚಮಚ ಬಿದ್ದರೂ ಅವಳಿಗೆ ಕೇಳಿಸುತ್ತದೆ.

"ಅಯ್ಯೋ, ನಾನು ಆಗ್ಲೇ ಅಂದ್ಕೊಂಡೆ ಕಣೇ," ಎಂದಳು. "ಮೊನ್ನೆ ನನ್ನ ಕರೆದು ಕಂಪ್ಯೂಟರ್ ಪಕ್ಕ ಕೂರಿಸ್ಕೊಂಡ. ನಾನೇನ್ ಮಾಡ್ತಿದೀನಿ ಸರಿಯಾಗಿ ನೋಡು, ಅಂದ. ನಂಗೇನ್ ತಿಳಿಯುತ್ತೆ? ಟಿವೀಲಿ ಧಾರಾವಾಹಿ ಬರ್ತಿತ್ತು, ಹ್ಞೂಂ ಹ್ಞೂಂ ಅಂದೆ. ಮಾರನೇ ದಿನ ಬಂದು, ನಿನ್ನೆ ನಾನೇನ್ ಮಾಡ್ದೆ ಹೇಳು ಅಂದ. ನಂಗೆಲ್ಲಿ ನೆನಪು? ಏನೂ ಮಾಡ್ಲಿಲ್ಲಪ್ಪ, ನೀನು ಸುಮ್ನೆ ಕೂತಿದ್ದೆ ಅಂತ ಹೇಳ್ದೆ. ಮುಖ ಬಿಳಚಿಕೊಂಡು ಹೋಯ್ತು, ಪಾಪ."

ಪಾಪ, ನಿಜ. ಇನ್ನು ಮೇಲೆ ಅಪ್ಪನ ಮಾತ್ರೆ ಡಬ್ಬಿ, ಬ್ಯಾಂಕಿನ ಕಾಗದ, ಗ್ಯಾಸಿನ ಒಲೆ ಎಲ್ಲ ನಾನೇ ನೋಡಿಕೊಳ್ಳುವುದು. ಅವರು ಬೇಡ ಎನ್ನಲಿಲ್ಲ. ಮುಂಚಿನ ಅಪ್ಪನಾಗಿದ್ದರೆ 'ನಾನಿನ್ನೂ ಸತ್ತಿಲ್ಲ' ಎಂದು ಗುಡುಗುತ್ತಿದ್ದರು.

ಫೆಬ್ರವರಿ ೨೧, ಶುಕ್ರವಾರ

ಬೆಳಿಗ್ಗೆ ಕಾಫಿ ಹಿಡಿದುಕೊಂಡು ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ.

"ಒಂದ್ ವಿಷ್ಯ ಕೇಳ್ಲಾ? ಕಂಪ್ಯೂಟರಲ್ಲಿ ಅಳಿಸಿದ್ದು ತಾನಾಗೇ ವಾಪಸ್ ಬರುತ್ತಾ?"

ಎಷ್ಟೋ ದಿನದ ಮೇಲೆ ಅಪ್ಪ ಒಂದು ಬುದ್ಧಿವಂತ ಪ್ರಶ್ನೆ ಕೇಳಿದರು. ನನಗೆ ಖುಷಿಯಾಯಿತು. ಮುದ್ರಣಾಲಯದಲ್ಲಿ ಹೊಸಬರಿಗೆ ಹೇಳುವಂತೆ ವಿವರವಾಗಿ ಹೇಳಿದೆ. "ತಾನಾಗೇ ಯಾವ್ದೂ ಬರಲ್ಲ ಅಪ್ಪ. ಅಳಿಸಿ, ಬುಟ್ಟೀನೂ ಖಾಲಿ ಮಾಡಿದ್ರೆ ಮುಗೀತು. ಯಂತ್ರಕ್ಕೆ ಮನಸ್ಸು ಬದಲಾಗಲ್ಲ."

"ಖಂಡಿತವಾ?"

"ನೂರಕ್ಕೆ ನೂರು."

ತಲೆಯಾಡಿಸಿ ಹೋದರು. ಕಾಫಿಯನ್ನು ಕುಡಿಯದೆ ಸಿಂಕಿನ ಪಕ್ಕ ಇಟ್ಟಿದ್ದರು, ಸಂಜೆ ನೋಡಿದೆ. ನಾನು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ತಾನಾಗಿ ಬರುವುದಿಲ್ಲ. ನನ್ನ ಪ್ರೋಗ್ರಾಂ ವಿಷಯ ಹೇಳಿ ಅವರ ತಲೆ ಕೆಡಿಸುವುದು ಯಾಕೆ?

ಫೆಬ್ರವರಿ ೨೫, ಮಂಗಳವಾರ

ಅಪ್ಪ ಊಟ ಬಿಡುತ್ತಿದ್ದಾರೆ. ಕೆಲಸ ವಿಪರೀತ, ಬರೆಯಲು ಪುರುಸೊತ್ತಿಲ್ಲ.

ಮಾರ್ಚ್ ೧, ಶನಿವಾರ

ಅಂಗಡಿಯ ಪಾಲುದಾರ ಮಾಮ ಮುದ್ರಣಾಲಯಕ್ಕೇ ಬಂದುಬಿಟ್ಟರು. ಅಪ್ಪ ಮತ್ತು ಅವರು ಪ್ರಾಯದಲ್ಲಿ ಜೊತೆಗೂಡಿ ತೆರೆದ ಔಷಧಿ ಅಂಗಡಿ ಅದು. ಅಪ್ಪ ಡಾಕ್ಟರ ಚೀಟಿಯನ್ನು ಒಮ್ಮೆ ಮನಸ್ಸಿನಲ್ಲಿ, ಒಮ್ಮೆ ಗಟ್ಟಿಯಾಗಿ ಓದಿ, ಮಾತ್ರೆ ತೆಗೆದು, ಮತ್ತೆ ಚೀಟಿಗೆ ತಾಳೆ ನೋಡಿಯೇ ಕೊಡುವವರು. ನಿಂತವರು ಗೊಣಗಿದರೆ 'ನಿಮ್ಮ ಜೀವ ನಿಮಗೆ ಅಗ್ಗ ಇರಬಹುದು, ನನಗಲ್ಲ' ಎನ್ನುತ್ತಿದ್ದರು.

"ಇವತ್ತಿಂದ ಚೀಟಿ ಮುಟ್ಟಲ್ಲ ಅಂತಾನಮ್ಮ," ಎಂದರು ಮಾಮ. "ಬಿಳಿ ಕೋಟು ಮಡಚಿ ನನ್ನ ಕೈಗೆ ಕೊಟ್ಟ. ನನ್ನ ತಲೆ ಮೇಲೆ ನಂಗೇ ನಂಬಿಕೆ ಇಲ್ಲ, ಯಾರಿಗಾದ್ರೂ ವಿಷ ಕೊಟ್ಬಿಡ್ತೀನಿ ಅಂತ ಅತ್ತ. ಅವನು ಅತ್ತಿದ್ದು ನಾನು ನೋಡೇ ಇರಲಿಲ್ಲ. ನಿಮ್ಮಮ್ಮ ಹೋದಾಗ್ಲೂ ಅಳಲಿಲ್ಲ."

"ಒಂದೇ ಒಂದು ತಪ್ಪು ಮಾತ್ರೆ ಕೊಟ್ಟಿದಾರಾ?"

"ಎಲ್ಲಿ ಬಂತು? ಅವನ ಕಣ್ಣು ಹದ್ದಿನ ಕಣ್ಣು."

ಅಂಥ ಅಪ್ಪ ಕೋಟು ಬಿಚ್ಚಿಕೊಟ್ಟದ್ದು ಸಣ್ಣ ಮಾತಲ್ಲ. ಆದರೂ ಒಂದು ರೀತಿಯಲ್ಲಿ ಒಳ್ಳೆಯದೇ. ತಮಗೆ ಕಾಯಿಲೆ ಇದೆ ಎಂದು ತಾವೇ ಒಪ್ಪಿಕೊಂಡರು, ಅರ್ಧ ಚಿಕಿತ್ಸೆ ಅಲ್ಲಿಗೇ ಆಯಿತು. ಮಿಕ್ಕಿದ್ದಕ್ಕೆ ನಾನಿದ್ದೇನೆ. ನರರೋಗದ ಡಾಕ್ಟರ ಸಮಯ ಕೇಳಿ, ಶುಕ್ರವಾರಕ್ಕೆ ಗಿಟ್ಟಿಸಿಕೊಂಡೆ. ಅವರ ಬಾಗಿಲಲ್ಲಿ ಕೂರುವವನು ಮುಂದಿನ ತಿಂಗಳು ಬನ್ನಿ ಎಂದಿದ್ದ. ನನ್ನ ಹತ್ತಿರ ಅದೆಲ್ಲ ನಡೆಯುವುದಿಲ್ಲ.

ಮಾರ್ಚ್ ೭, ಶುಕ್ರವಾರ

ಆದದ್ದು ಆದ ಹಾಗೇ ಬರೆಯುತ್ತೇನೆ.

ಡಾಕ್ಟರು ನಿಧಾನಸ್ಥೆ, ಬಾಬ್ ಮಾಡಿದ ನರೆಗೂದಲಿನ ಹೆಂಗಸು. ಅಪ್ಪನಿಗೆ ತಾರೀಕು ಕೇಳಿದರು, ನೂರರಿಂದ ಏಳೇಳು ಕಳೆಯುತ್ತ ಹೋಗಲು ಹೇಳಿದರು, ಕೆಲವು ಪದ ಕೊಟ್ಟು ಸ್ವಲ್ಪ ಹೊತ್ತು ಬಿಟ್ಟು ಹಿಂದಕ್ಕೆ ಕೇಳಿದರು. ಅಪ್ಪ ಎಲ್ಲೂ ತಡವರಿಸಲಿಲ್ಲ. ಕಳೆಯುವುದರಲ್ಲಿ ನನಗಿಂತ ಮುಂದೆ ಹೋದರು. ಡಾಕ್ಟರು ಪೆನ್ನು ಕೆಳಗಿಟ್ಟರು.

"ನಿಮ್ಮ ತೊಂದರೆ ಏನು ಅಂತ ನೀವೇ ಹೇಳಿ."

ಅಪ್ಪ ನನ್ನ ಕಡೆ ನೋಡಿದರು. "ನೀನು ಸ್ವಲ್ಪ ಹೊರಗಿರ್ತೀಯಾ?"

"ನಾನಿರಲೇಬೇಕು ಅಪ್ಪ. ಆಮೇಲೆ ನೋಡಿಕೊಳ್ಳೋಳು ನಾನೇ ತಾನೆ?" ಎಂದೆ.

ಅಪ್ಪ ತಲೆ ತಗ್ಗಿಸಿದರು. "ಮರೆವು ಅಂದ್ರೆ ಮಾಡಿದ್ದು ಮರೆಯೋದು ಅಲ್ವಾ ಡಾಕ್ಟ್ರೇ? ನಂದು ಉಲ್ಟಾ. ಮಾಡದೇ ಇರೋದು ಮಾಡಿದ ಹಾಗೆ ನೆನಪಿರುತ್ತೆ. ಕಂಪ್ಯೂಟರಲ್ಲಿ ಒಂದಷ್ಟು ಫೋಟೋ ಇದೆ. ಅದನ್ನ ಸಾಯಂಕಾಲ ಅಳಿಸ್ತೀನಿ. ಬುಟ್ಟೀನೂ ಖಾಲಿ ಮಾಡ್ತೀನಿ. ಎರಡೆರಡು ಸಲ ನೋಡ್ತೀನಿ. ಬೆಳಿಗ್ಗೆ ಎದ್ದು ನೋಡಿದ್ರೆ ಹಾಗ್ಹಾಗೇ ಇರುತ್ತೆ. ತಂಗೀನ ಪಕ್ಕ ಕೂರಿಸ್ಕೊಂಡು ಮಾಡ್ದೆ, ನೀನೇನೂ ಮಾಡ್ಲಿಲ್ಲ ಅಂದ್ಲು. ಮಗಳು ಇದರಲ್ಲಿ ಬಲ್ಲವಳು. ಅಳಿಸಿದ್ದು ತಾನಾಗಿ ಬರಲ್ಲ, ನೂರಕ್ಕೆ ನೂರು ಅಂದ್ಲು. ಅಂದ್ಮೇಲೆ ನಾನು ಅಳಿಸೇ ಇಲ್ಲ. ಅಳಿಸ್ದೆ ಅಂತ ತಲೆ ಸುಳ್ಳು ಹೇಳ್ತಿದೆ. ಅಂಗಡೀಲಿ ತಾಳೆ ನೋಡ್ದೆ ಅಂತಾನೂ ಹೀಗೇ ಸುಳ್ಳು ಹೇಳಿದ್ರೆ ಎದುರು ನಿಂತಿರೋರ ಗತಿ ಏನು?"

ಡಾಕ್ಟರು ಏನೋ ಹೇಳಿದರು, ಕೇಳಿಸಲಿಲ್ಲ. ತಲೆಯ ಸ್ಕ್ಯಾನ್ ಮಾಡಿಸಿ ಎಂದು ಅವರು ಕೊಟ್ಟ ಚೀಟಿ ಹಿಡಿದು ಹೊರಗೆ ಬಂದೆವು. ಓಣಿಯಲ್ಲಿ ಒಂದಕ್ಕೊಂದು ಬೆಸೆದ ಉಕ್ಕಿನ ಕುರ್ಚಿಗಳು, ಎದುರಿಗೆ ಸ್ಕ್ಯಾನಿನ ಕೋಣೆ. ಅಪ್ಪ ಆಗಲೇ ಉಂಗುರ, ಗಡಿಯಾರ ಬಿಚ್ಚಿ ನನ್ನ ಕೈಗೆ ಕೊಡುತ್ತಿದ್ದರು.

"ಅಪ್ಪ, ನೀವು ಅಳಿಸಿದ್ರಿ," ಎಂದೆ. "ದಿನಾ ಅಳಿಸಿದ್ರಿ. ವಾಪಸ್ ಹಾಕಿದ್ದು ನಾನು."

ಗೋಡೆಯ ವಿಷಯ, ಬೆಳಿಗ್ಗೆಯ ಪ್ರೋಗ್ರಾಂ ವಿಷಯ, ಎಲ್ಲ ಹೇಳಿದೆ. ಮಧ್ಯದಲ್ಲಿ ನಿಲ್ಲಿಸಲಿಲ್ಲ, ನಿಲ್ಲಿಸಿದ್ದರೆ ಮುಂದುವರಿಸಲು ಧೈರ್ಯ ಸಾಲುತ್ತಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಕತೆ. ಅಪ್ಪ ಉಂಗುರವನ್ನೂ ಗಡಿಯಾರವನ್ನೂ ನನ್ನ ಅಂಗೈಯಿಂದ ವಾಪಸ್ ತೆಗೆದುಕೊಂಡು ಹಾಕಿಕೊಂಡರು. ಎದ್ದು ಹೋಗಿ ಸ್ಕ್ಯಾನಿನ ಕೋಣೆಯ ನರ್ಸಿಗೆ ಹೇಳಿದರು, "ನಮ್ಮದು ಬೇಡಮ್ಮ. ನಂಗೇನೂ ಆಗಿಲ್ಲ."

ಮೆಟ್ಟಿಲಿಳಿದು ನನಗಿಂತ ಮುಂದೆ ಮನೆಯ ಕಡೆ ನಡೆದರು.

ಮಾರ್ಚ್ ೮, ಶನಿವಾರ

ಅಪ್ಪ ಮಾತು ಬಿಟ್ಟಿದ್ದಾರೆ. ಅತ್ತೆ ಬಂದು ನನಗೆ ಸರಿಯಾಗಿ ಬೈದಳು, ಆಮೇಲೆ ಧಾರಾವಾಹಿ ನೋಡಿದ್ದಕ್ಕೆ ತನಗೇ ಬೈದುಕೊಂಡಳು. ಇಂಗು ತಿಂದ ಮಂಗನ ಹಾಗೆ ಇಬ್ಬರೂ ಕೂತೆವು.

ಮಾರ್ಚ್ ೯, ಭಾನುವಾರ

ಮಧ್ಯಾಹ್ನ ಅಪ್ಪನೇ ಬಾಯಿ ಬಿಟ್ಟರು. ಬಟ್ಟೆ ಮಡಚುತ್ತಿದ್ದೆ, ಎದುರು ಬಂದು ಕೂತು ಒಂದು ಟವೆಲ್ ಎತ್ತಿಕೊಂಡು ತಾವೂ ಮಡಚತೊಡಗಿದರು.

"ನಿಮ್ಮಮ್ಮ ಮಾತು ತಗೊಂಡಿದ್ಲು," ಎಂದರು. "ಚಿಕಿತ್ಸೇಲಿ ಕೂದಲು ಹೋದ ಮೇಲೆ ಕನ್ನಡಿ ಕೂಡ ತೆಗೆಸಿದ್ಲು, ನಿಂಗೆ ಗೊತ್ತಲ್ಲ. ಈ ಫೋಟೋ ಯಾವ್ದೂ ಉಳಿಸಬೇಡಿ, ನನ್ನ ನೆನೆದ್ರೆ ಈ ಮುಖ ಬರಬಾರ್ದು, ಎಲ್ಲ ಅಳಿಸಿಬಿಡಿ ಅಂದ್ಲು. ಮಗಳಿಗೆ ಹೇಳಬೇಡಿ, ಆಸೆಯಿಂದ ತೆಗೀತಾಳೆ, ನೊಂದ್ಕೊತಾಳೆ ಅಂತಾನೂ ಅಂದ್ಲು. ಎರಡು ಮಾತೂ ಉಳಿಸೋಕೆ ನೋಡ್ದೆ."

"ನಂಗೆ ಹೇಳಿದ್ರೆ..."

"ಹೇಳಬಾರ್ದು ಅಂತಾನೇ ಅಲ್ವಾ ಅವಳು ಅಂದಿದ್ದು? ನಾನು ಸಾಯಂಕಾಲ ಅಳಿಸಿ, ಆಯ್ತು ಕಣೇ ಅಂತ ಅವಳಿಗೆ ಮನಸ್ಸಲ್ಲೇ ಹೇಳಿ ಮಲಗ್ತಿದ್ದೆ. ಬೆಳಿಗ್ಗೆ ಎದ್ರೆ ಅವಳು ಅಲ್ಲೇ ಕೂತು ನೋಡ್ತಿದ್ಲು. ಕೊಟ್ಟ ಮಾತು ತಪ್ಪಿದೀರಿ ಅನ್ನೋ ಹಾಗೆ. ಒಂದಿನ ಅಲ್ಲ, ಎರಡು ದಿನ ಅಲ್ಲ."

ನನಗೆ ಅಳು ಬಂತು. ಕ್ಷಮಿಸಿ ಎಂದೆ. ಅದಾದ ಮೇಲೆ, ಹೇಳಬಾರದಿತ್ತೋ ಏನೋ, ಹೇಳಿಬಿಟ್ಟೆ. "ಅವು ನಂಗೂ ಬೇಕು ಅಪ್ಪ. ಆ ವರ್ಷ ಬಿಟ್ರೆ ನಾನು ಅಮ್ಮನ ಜೊತೆ ಅಷ್ಟು ಹೊತ್ತು ಕೂತಿದ್ದೇ ಇಲ್ಲ. ಬೇರೆ ಕಡೆ ಇಲ್ಲ, ಅಲ್ಲಿರೋದೇ ಕೊನೇದು."

ಅಪ್ಪ ಟವೆಲಿನ ಅಂಚಿಗೆ ಅಂಚು ಕೂಡಿಸಿದರು. "ಬೇಕು ಅಂತ ನಂಗೂ ಗೊತ್ತು. ಬೇಡ ಅಂದಿದ್ದು ನಾನಲ್ಲ, ಅವಳು."

ಮಾರ್ಚ್ ೧೦, ಸೋಮವಾರ

ರಜೆ ಹಾಕಿದೆ. ಬೆಳಗಿನ ಪ್ರೋಗ್ರಾಮನ್ನು ಮೊದಲು ಕಿತ್ತು ಹಾಕಿದೆ. ಆಮೇಲೆ ಡಿಸ್ಕಿನ ಪೂರ್ತಿ ಸಂಖ್ಯೆ ಕೊಟ್ಟು, ಮೊದಲು 'ಪಿ' ಸೇರಿಸಿ, ಗೋಡೆ ಶಾಶ್ವತವಾಗಿ ಇಳಿಸಿದೆ. ಅಪ್ಪನನ್ನು ಪಕ್ಕದಲ್ಲೇ ಕೂರಿಸಿಕೊಂಡು ಪ್ರತಿ ಸಾಲಿಗೂ ಅರ್ಥ ಹೇಳಿದೆ. ಚೀಟಿ ಓದುವಂತೆ ಅವರು ಒಮ್ಮೆ ಮನಸ್ಸಿನಲ್ಲಿ, ಒಮ್ಮೆ ಗಟ್ಟಿಯಾಗಿ ಓದಿಕೊಂಡರು.

ಫೋಟೋಗಳನ್ನು ಕೊನೆಯ ಸಲ ಒಬ್ಬಳೇ ನೋಡುತ್ತೇನೆ ಎಂದೆ. ಅಪ್ಪ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು. ಒಂದೊಂದೇ ನೋಡಿದೆ. ಮುಕ್ಕಾಲು ಪಾಲಿನಲ್ಲಿ ಅಮ್ಮ ಅಂಗೈ ಅಡ್ಡ ಹಿಡಿದಿದ್ದಾಳೆ. ತೆಗೆಯುವಾಗ ನಾಚಿಕೆ, ತಮಾಷೆ ಎಂದುಕೊಂಡು 'ಕೈ ತೆಗಿ ಅಮ್ಮ' ಎಂದು ನಕ್ಕಿದ್ದೆ. ಅವಳು ತೆಗೆದಿರಲಿಲ್ಲ. ಬೇಡ ಎಂದು ಅವಳು ಅಷ್ಟು ಸಲ ಹೇಳಿದ್ದಾಳೆ, ನಾನು ಅಷ್ಟೂ ಸಲ ಕ್ಲಿಕ್ ಮಾಡಿದ್ದೇನೆ.

ಅಪ್ಪನನ್ನು ಕರೆದು, "ಇಲ್ಲಿ ಒತ್ತಿದ್ರೆ ಎರಡೂ ಕಡೆಯ ಫೋಟೋ ಮೇಲೆ ಬೇರೆ ಅಂಕಿ ತುಂಬಿ ಪೂರ್ತಿ ಅಳಿಸುತ್ತೆ. ನೀವೇ ಒತ್ತಿ," ಎಂದೆ.

"ನೀನೇ ಮಾಡು," ಎಂದರು. "ನಾನು ಬೇಕಾದಷ್ಟು ಸಲ ಮಾಡಿದೀನಿ."

ಒತ್ತಿದೆ. ದೊಡ್ಡ ಜಾಗ, ಮುಗಿಯಲು ಬಹಳ ಹೊತ್ತು ಹಿಡಿಯಿತು. ಇಬ್ಬರೂ ಅಲ್ಲೇ ಕೂತಿದ್ದೆವು. ಮುಗಿದ ಮೇಲೆ ಅಪ್ಪ ಕೇಳಿದರು, "ಇನ್ನೆಲ್ಲಾದ್ರೂ ಇಟ್ಟಿದೀಯಾ?"

"ಇಲ್ಲ."

ನನ್ನ ಮುಖವನ್ನೇ ನೋಡಿದರು. ಹತ್ತಿರ ಹತ್ತಿರ ಒಂದು ತಿಂಗಳು ಅವರ ತಲೆಯನ್ನೇ ಅವರು ನಂಬದ ಹಾಗೆ ಮಾಡಿದವಳು ನಾನು. ಈಗ ನನ್ನ ಬಾಯಿಮಾತೊಂದನ್ನು ನಂಬು ಎನ್ನುತ್ತಿದ್ದೆ. ತೋರಿಸಲು ಬೇರೆ ಏನೂ ಇರಲಿಲ್ಲ. "ಸರಿ," ಎಂದರು ಅಪ್ಪ.

ಮಾರ್ಚ್ ೧೧, ಮಂಗಳವಾರ

ನಾನು ಏಳುವ ಮೊದಲೇ ಅಪ್ಪ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಂಪ್ಯೂಟರ್ ಮುಂದೆ ಕೂತಿದ್ದರು. ಕೋಣೆಯ ಬಾಗಿಲಲ್ಲಿ ನಿಂತೆ. ಪರದೆ ಬೆಳಗಿತು. ಅಪ್ಪ ಕನ್ನಡಕ ಏರಿಸಿ ಫೋಲ್ಡರುಗಳನ್ನು ಮೇಲಿನಿಂದ ಕೆಳಕ್ಕೆ ನೋಡಿದರು, ಮತ್ತೆ ಮೇಲಿನಿಂದ ಕೆಳಕ್ಕೆ ನೋಡಿದರು. ಹಾಡುಗಳಿದ್ದವು, ಅಂಗಡಿಯ ಕಾಗದಗಳಿದ್ದವು, ನನ್ನ ಶಾಲೆಯ ಚಿತ್ರವಿತ್ತು.

"ಇಲ್ಲ," ಎಂದರು.

"ಹ್ಞೂಂ ಅಪ್ಪ."

"ಹೋದಳು ಕಣೇ," ಎಂದರು. ಮೇಜಿನ ಮೇಲೆ ಎರಡೂ ಕೈ ಊರಿಕೊಂಡು, ಮಗುವಿನ ಹಾಗೆ ಬಾಯಿ ತೆರೆದು ಅತ್ತರು. ಅಮ್ಮ ಹೋದ ದಿನದಿಂದ ತಡೆದದ್ದೆಲ್ಲ ಬಂತು. ನಾನು ಸಮಾಧಾನ ಮಾಡಲಿಲ್ಲ, ನೀರು ತರಲಿಲ್ಲ, ಪಕ್ಕದಲ್ಲಿ ನಿಂತಿದ್ದೆ ಅಷ್ಟೆ. ಬಹಳ ಹೊತ್ತಿನ ಮೇಲೆ ಮುಖ ಒರೆಸಿಕೊಂಡು, ತಾವೇ ಕಂಪ್ಯೂಟರ್ ಆರಿಸಿ ಎದ್ದರು.

"ಮಾಮನಿಗೆ ಫೋನ್ ಮಾಡು. ನನ್ನ ಕೋಟು ಹೊರಗೆ ತೆಗೆದಿಡೋಕೆ ಹೇಳು," ಎಂದು ಚಪ್ಪಲಿ ಮೆಟ್ಟಿ ಹೊರಟರು.